ಪುಟ್ಟಮಾದಮ್ಮನ ತೊಂಬತ್ತಾರು ಅಂಕ

ಬೆಟ್ಟದಪುರದ ಸುತ್ತಮುತ್ತ ಬೀಗರ ಊಟ ನಡೆದರೆ, ಸಾರು ಮಾಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ಮುದ್ದೆ ಯಾರದ್ದು ಎಂದು ಕೇಳುತ್ತಾರೆ. ಇಪ್ಪತ್ತು ವರ್ಷಗಳ ಕಾಲ ಆ ಪ್ರಶ್ನೆಗೆ ಒಂದೇ ಉತ್ತರವಿತ್ತು: ಪುಟ್ಟಮಾದಮ್ಮನದು.

ಹತ್ತು ಸೇರು ರಾಗಿ ಹಿಟ್ಟನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ತೊಳಸುವುದೆಂದರೆ ಆಟವಲ್ಲ. ಒಲೆಯಿಂದ ಇಳಿಸಿದ ಪಾತ್ರೆಯನ್ನು ಇಬ್ಬರು ಕವೆಗೋಲು ಕೊಟ್ಟು ಅಲುಗದಂತೆ ಒತ್ತಿ ಹಿಡಿಯಬೇಕು. ಮೂರನೆಯವಳು ಎದೆಯೆತ್ತರದ ಕೋಲನ್ನು ಎರಡೂ ಕೈಗಳಲ್ಲಿ ಹಿಡಿದು, ಹಿಟ್ಟು ಹದಕ್ಕೆ ಬರುವ ತನಕ ನಿಲ್ಲದೆ ತಿರುವಬೇಕು. ನಡುವೆ ಕೈ ನಿಂತರೆ ಗಂಟಾಗುತ್ತದೆ. ಪುಟ್ಟಮಾದಮ್ಮನ ಮುದ್ದೆಯಲ್ಲಿ ಗಂಟು ಸಿಕ್ಕಿದ್ದನ್ನು ಕಂಡವರಿರಲಿಲ್ಲ. ಆಕೆಯ ಕೋಲು ಹುಣಸೆ ಮರದ್ದು, ಅತ್ತೆಯ ಕಾಲದ್ದು. ಕೈಯಾಡಿ ಆಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಹೋಗುವಾಗ ಅದನ್ನು ತೊಡೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡು ಕೂರುತ್ತಿದ್ದಳು. ಕಂಡಕ್ಟರು ಚಿಲ್ಲರೆ ವಿಚಾರಕ್ಕೆ ಅವಳೊಡನೆ ಜಗಳವಾಡಿದ್ದನ್ನು ನಾನು ನೋಡಿಲ್ಲ.

ಆಕೆ ನನ್ನ ವಿದ್ಯಾರ್ಥಿನಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನಾಲ್ಕನೆಯ ತರಗತಿಯಲ್ಲಿದ್ದಳು. ಪರೀಕ್ಷೆಯಲ್ಲಿ ‘ಹಸುವಿನ ಬಗ್ಗೆ ಐದು ವಾಕ್ಯ ಬರೆಯಿರಿ’ ಎಂದು ಕೇಳಿದ್ದೆ. ಅವಳು ಒಂದೇ ವಾಕ್ಯ ಬರೆದಿದ್ದಳು: ‘ಹಸ ನಮ್ಮನೇಲಿ ಐತೆ ಬಂದು ನೋಡಿ.’ ಕನ್ನಡ ವ್ಯಾಕರಣವನ್ನು ಕಾಯುವ ಹೊಣೆ ನನ್ನೊಬ್ಬನ ಹೆಗಲ ಮೇಲಿದೆ ಎಂದು ನಂಬಿದ್ದ ವಯಸ್ಸು ನನ್ನದು. ಸೊನ್ನೆ ಹಾಕಿದೆ. ಅವಳು ಅನುತ್ತೀರ್ಣಳಾದಳು, ಮರುವರ್ಷ ಶಾಲೆಗೆ ಬರಲಿಲ್ಲ. ಈಗ ಅದೇ ಉತ್ತರಪತ್ರಿಕೆ ಕೈಗೆ ಬಂದರೆ ಐದಕ್ಕೆ ಐದು ಕೊಟ್ಟು, ಆ ಹಸುವನ್ನೂ ನೋಡಿಕೊಂಡು ಬರುತ್ತೇನೆ.

ನಾಲ್ಕು ವರ್ಷಗಳ ಹಿಂದೆ ಕೆ.ಆರ್. ನಗರದ ಕಡೆಯ ಮಿರ್ಲೆಯಲ್ಲಿ ಒಂದು ಬೀಗರ ಊಟ. ಪುಟ್ಟಮಾದಮ್ಮ ಹಿಟ್ಟು ತೊಳಸುತ್ತಿದ್ದವಳು ಕೋಲಿಗೆ ಗಲ್ಲ ಆನಿಸಿ, ನಿಂತಲ್ಲೇ ನಿದ್ದೆಹೋದಳು. ಕವೆಗೋಲು ಹಿಡಿದಿದ್ದ ಚಾಮುಂಡಮ್ಮ, ಅಕ್ಕ ದೇವರಿಗೆ ಕೈ ಮುಗಿಯುತ್ತಿದ್ದಾಳೆ ಎಂದುಕೊಂಡು ತಾನೂ ಕಣ್ಣು ಮುಚ್ಚಿಕೊಂಡಳಂತೆ. ಎಲೆಯ ಮುಂದೆ ಕೂತ ಗಂಡಿನ ಸೋದರಮಾವ ಮುದ್ದೆ ಮುರಿದು, ಒಳಗಿದ್ದ ನೆಲ್ಲಿಕಾಯಿ ಗಾತ್ರದ ಗಂಟನ್ನು ಎರಡು ಬೆರಳಲ್ಲಿ ಎತ್ತಿ ಇಡೀ ಪಂಕ್ತಿಗೆ ತೋರಿಸಿದ. ಆ ಗಂಟಿನ ಸುದ್ದಿ ಪುಟ್ಟಮಾದಮ್ಮನಿಗಿಂತ ಮೊದಲೇ ಬೆಟ್ಟದಪುರಕ್ಕೆ ಬಂದು ತಲುಪಿತು.

ಪಿರಿಯಾಪಟ್ಟಣದಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ತೊಂದರೆ ಎಂದು ತಿಳಿಯಿತು. ಬೆಳಗ್ಗೆ ಬರಿಹೊಟ್ಟೆಗೆ ನುಂಗುವ ಮಾತ್ರೆ ಕೊಟ್ಟರು. ಕೆಲವು ತಿಂಗಳಲ್ಲಿ ರಿಪೋರ್ಟು ನಾರ್ಮಲ್ ಎಂದು ಬಂತು. ರಿಪೋರ್ಟು ಹುಷಾರಾಯಿತು, ಪುಟ್ಟಮಾದಮ್ಮ ಆಗಲಿಲ್ಲ. ಎದ್ದಾಗಿನಿಂದ ಸುಸ್ತು, ಮೈಕೈ ನೋವು, ಬಿಸಿಲಲ್ಲೂ ಚಳಿ. ಕತ್ತಿನ ಮುಂಭಾಗ ಊದಿಕೊಂಡಿತ್ತು. ಅರ್ಧ ಅಂಗಳ ಗುಡಿಸಿ ಪೊರಕೆ ಹಿಡಿದು ಕೂತುಬಿಡುತ್ತಿದ್ದಳು. ಹುಣಸೆಯ ಕೋಲು ಅಟ್ಟ ಸೇರಿತು.

ಅವಳ ಗಂಡ ಮಂಟಯ್ಯ ಹೊಗೆಸೊಪ್ಪು, ರಾಗಿ ಬೆಳೆಯುವ ಒಳ್ಳೆಯ ರೈತ. ಕಾಗದದ ಮೇಲೆ ಅಪಾರ ಭಕ್ತಿಯುಳ್ಳವನು. ಪಹಣಿಯನ್ನು ಇಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಆ ರಿಪೋರ್ಟನ್ನೂ ಇಟ್ಟಿದ್ದ. ಹೆಂಡತಿ ಮಲಗಿದ್ದು ಕಂಡರೆ ತಂದು ಮುಖದ ಮುಂದೆ ಹಿಡಿಯುವನು.

“ನೋಡಮ್ಮಿ, ನಾರ್ಮಲ್ಲು ಅಂತ ಬರದವ್ರೆ. ಸೀಲೂ ಅದೆ. ಏಳು ಮ್ಯಾಕೆ.”

“ಆ ಕಾಗ್ದ ಚೆನ್ನಾಗದೆ ಕಣಯ್ಯ. ಅದ್ರ ಕೈಲೇ ಅಂಗ್ಳ ಗುಡುಸ್ಕೊ.”

ಕೊನೆಗೆ ಸೊಸೆ ಕಾವ್ಯಶ್ರೀ ಹಟ ಹಿಡಿದು ಮೈಸೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೊರಡಿಸಿದಳು. ಇಂಗ್ಲಿಷಿನ ಕಾಗದಗಳನ್ನು ಓದುವುದಕ್ಕೆಂದು ನನ್ನನ್ನೂ ಕರೆದರು. ಅಲ್ಲಿನ ಡಾಕ್ಟರ್ ಉಮಾಶಂಕರ ತಾಳ್ಮೆಯ ಮನುಷ್ಯ. ರಕ್ತ ಕಡಿಮೆಯಿದೆಯೇ, ವಿಟಮಿನ್ ಕಡಿಮೆಯಿದೆಯೇ, ಮಾತ್ರೆಯ ಪ್ರಮಾಣ ಸರಿಯಿದೆಯೇ ಎಂದು ಆರೇಳು ತಿಂಗಳು ಒಂದೊಂದಾಗಿ ನೋಡಿ, ಕಡಿಮೆ ಇದ್ದುದನ್ನು ಸರಿಪಡಿಸಿದರು. ಸುಸ್ತು ಮಾತ್ರ ಕದಲಲಿಲ್ಲ. ಆಮೇಲೆ ಒಂದು ದಿನ ನಮ್ಮನ್ನು ಕೂರಿಸಿಕೊಂಡು ಹೇಳಿದರು:

“ನಮ್ಮ ದೇಹಕ್ಕೆ ಕಾವಲುಗಾರರು ಇರುತ್ತಾರೆ. ನಿಮ್ಮ ಕಾವಲುಗಾರರು ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯನ್ನೇ ಕಳ್ಳ ಅಂದುಕೊಂಡು ಹೊಡೆಯುತ್ತಿದ್ದಾರೆ. ಮಾತ್ರೆಯಿಂದ ಹಾರ್ಮೋನು ಸರಿಹೋಗಿದೆ, ಹೊಡೆತ ನಿಂತಿಲ್ಲ. ಅದು ನಿಮ್ಮಲ್ಲಿ ತುಂಬ ಜಾಸ್ತಿ ಇದೆ.”

ಮಂಟಯ್ಯ ಮುಂದಕ್ಕೆ ಬಾಗಿದ. “ಅಂಗಾದ್ರೆ ಆ ಕಾವಲುಗಾರ್ರನ್ನ ಕೆಲ್ಸದಿಂದ ಬುಡಿಸ್ಬುಡಿ ಸಾರ್.”

“ಅವರನ್ನು ಬಿಡಿಸುವ ಹಾಗಿಲ್ಲ ಮಂಟಯ್ಯನವರೇ. ಹೊಡೆತ ತಿನ್ನುತ್ತಿರುವ ಗ್ರಂಥಿಯನ್ನೇ ಆಪರೇಷನ್ ಮಾಡಿ ತೆಗೆದರೆ, ಇಂಥವರಲ್ಲಿ ಕೆಲವರಿಗೆ ಸುಸ್ತು ಕಡಿಮೆಯಾಗುತ್ತದೆ. ಎಲ್ಲರಿಗೂ ಮಾಡುವ ಆಪರೇಷನ್ ಅಲ್ಲ. ಬಹಳ ಜನಕ್ಕೆ ಮಾತ್ರೆಯೇ ಸಾಕು. ಗ್ರಂಥಿಯ ಪಕ್ಕದಲ್ಲೇ ಸ್ವರದ ನರ ಇದೆ, ಕ್ಯಾಲ್ಸಿಯಂ ನೋಡಿಕೊಳ್ಳುವ ಸಣ್ಣ ಗ್ರಂಥಿಗಳಿವೆ. ಅವಕ್ಕೆ ಪೆಟ್ಟಾಗುವ ಅಪಾಯವೂ ಉಂಟು. ಗುಣವಾಗಿಯೇ ಆಗುತ್ತದೆ ಎಂದು ನಾನು ಭಾಷೆ ಕೊಡಲಾರೆ.”

ಪುಟ್ಟಮಾದಮ್ಮ ಒಂದೇ ಮಾತು ಕೇಳಿದಳು. “ಕೋಲು ಹಿಡಿಬೋದಾ ಸಾರ್?”

ಯಾವ ಕೋಲೆಂದು ನಾನು ವಿವರಿಸಬೇಕಾಯಿತು. ಡಾಕ್ಟರು ನಕ್ಕು, “ಸುಸ್ತು ಇಳಿದರೆ ಖಂಡಿತ ಹಿಡಿಯಬಹುದು” ಎಂದರು. ಆಮೇಲೆ ಮೇಜಿನ ಖಾನೆಯಿಂದ ಕನ್ನಡದಲ್ಲಿ ಅಚ್ಚಾಗಿದ್ದ ನಾಲ್ಕು ಹಾಳೆ ತೆಗೆದುಕೊಟ್ಟರು. “ಇದರಲ್ಲಿ ಮೂವತ್ತಾರು ಪ್ರಶ್ನೆಗಳಿವೆ. ಮನೆಯಲ್ಲಿ ನಿಧಾನವಾಗಿ ತುಂಬಿಸಿಕೊಂಡು ಬನ್ನಿ. ನೂರಕ್ಕೆ ಎಷ್ಟು ಅಂಕ ಬರುತ್ತದೆ ನೋಡಿ, ಆಪರೇಷನ್ ವಿಚಾರ ತೀರ್ಮಾನ ಮಾಡೋಣ.”

ಅಂಕ ಎಂಬ ಮಾತು ಅವರ ಬಾಯಿಂದ ಬರಬಾರದಿತ್ತು. ಬಂದಾಗ ನಾನಾದರೂ ಸರಿಯಾಗಿ ಬಿಡಿಸಿ ಹೇಳಬೇಕಿತ್ತು. ನಲವತ್ತು ವರ್ಷ ಅಂಕ ಹಾಕಿದ ನನಗೇ ಅದು ಹೊಳೆಯಲಿಲ್ಲ.

ಆ ಭಾನುವಾರ ಬೆಳಗ್ಗೆ ಗಂಡಹೆಂಡಿರು ನಮ್ಮ ಮನೆಯ ಜಗುಲಿಗೆ ಬಂದರು. ಪುಟ್ಟಮಾದಮ್ಮ ತಲೆಗೆ ಸ್ನಾನ ಮಾಡಿ, ಮದುವೆಮನೆಗೆ ಉಡುವ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿದ್ದಳು. ಕೈಯಲ್ಲಿ ಎರಡು ಹೊಸ ಪೆನ್ನು. ಒಂದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು.

ಬರೆಯುವ ಕೆಲಸ ನನ್ನದಾಯಿತು. ಕಣ್ಣು ಕಾಣದ ಒಬ್ಬ ಹುಡುಗನಿಗಾಗಿ ಹಿಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುವ ಏರ್ಪಾಡನ್ನು ನಾನೇ ನೋಡಿಕೊಂಡಿದ್ದೆ. ಬರೆದುಕೊಡುವವನು ಪರೀಕ್ಷಾರ್ಥಿ ಹೇಳಿದ್ದನ್ನು ಮಾತ್ರ ಬರೆಯಬೇಕು, ತನ್ನ ಬುದ್ಧಿ ಸೇರಿಸಬಾರದು ಎಂಬುದು ನಿಯಮ. ಆ ನಿಯಮವನ್ನು ನಾನು ಅಂದು ಚಾಚೂ ತಪ್ಪದೆ ಪಾಲಿಸಿದೆ. ಅನಾಹುತವಾದದ್ದು ಹಾಗೆ.

“ಸಾಮಾನು ತುಂಬಿದ ಕೈಚೀಲ ಎತ್ತುವುದು: ತುಂಬಾ ಕಷ್ಟ, ಸ್ವಲ್ಪ ಕಷ್ಟ, ಕಷ್ಟವೇ ಇಲ್ಲ. ಯಾವುದು?”

“ಕೈಚೀಲ ಯಾವ ಗಿಡದ ತೊಪ್ಲು ಮೇಷ್ಟ್ರೇ? ಮೂಟೆ ಎತ್ತಿವ್ನಿ ನಾನು.”

“ಈಗ ಎತ್ತುತ್ತೀಯಾ ಅಂತ ಕೇಳಿದ್ದಾರೆ.”

“ಎತ್ತೇ ಎತ್ತೀನಿ. ಬರ್ಕೊಳಿ.”

‘ಕಷ್ಟವೇ ಇಲ್ಲ’ ಎಂಬಲ್ಲಿ ಗುರುತು ಹಾಕಿದೆ.

“ಹಲವಾರು ಮೆಟ್ಟಿಲುಗಳನ್ನು ಹತ್ತುವುದು?”

“ನಮ್ಮ ಬೆಟ್ಟನೇ ಪೂರ್ತಿ ಹತ್ತಿವ್ನಲ್ಲ!”

“ಯಾವಾಗ?”

“ಮದ್ವೆ ಆದ್ ವರ್ಸ.”

“ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಸಾರಿ ಸಂತೋಷವಾಗಿದ್ದಿರಿ?”

ಪುಟ್ಟಮಾದಮ್ಮ ಯೋಚಿಸತೊಡಗಿದಳು. ಮಂಟಯ್ಯ ಕೆಮ್ಮಿದ. “ಯಾವಾಗ್ಲೂ ಅಂತ ಬರೀರಿ ಮೇಷ್ಟ್ರೇ. ನಾನು ಇಲ್ಲೇ ಕುಂತಿಲ್ವಾ?”

“ನಡುವೆ ಮಾತಾಡಬಾರದು ಮಂಟಯ್ಯ” ಎಂದು ಗದರಿಸಿದೆ. ಆದರೆ ಅವಳೂ ಅದನ್ನೇ ಹೇಳಿದಳು.

ಇಪ್ಪತ್ತಾರನೆಯ ಪ್ರಶ್ನೆ ಮುಗಿದು ಇಪ್ಪತ್ತೇಳನೆಯದಕ್ಕೆ ಹಾಳೆ ತಿರುವುವಷ್ಟರಲ್ಲಿ, ಜಗುಲಿಯ ಕಂಬಕ್ಕೆ ಒರಗಿದ್ದ ಪುಟ್ಟಮಾದಮ್ಮ ನಿದ್ದೆಹೋಗಿದ್ದಳು. ಪರೀಕ್ಷೆಯ ಕೋಣೆಯಲ್ಲಿ ನಿದ್ದೆಮಾಡುವ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ, ಒಂದೇಟಿಗೆ ಎಬ್ಬಿಸಬಾರದು. ಐದು ನಿಮಿಷ ಬಿಟ್ಟು ಮೆಲ್ಲಗೆ ಕೂಗಿದೆ. ಬೆಚ್ಚಿ ಕಣ್ಣು ಬಿಟ್ಟಳು.

“ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಸಾರಿ ನಿಮಗೆ ಬಹಳ ಸುಸ್ತಾಗಿತ್ತು?”

“ಒಂದ್ಸಾರಿನೂ ಇಲ್ಲ” ಎಂದಳು, ಬಾಯಿಯ ಅಂಚು ಒರೆಸಿಕೊಳ್ಳುತ್ತ.

ಪೆನ್ನು ನಿಲ್ಲಿಸಿದೆ. “ಪುಟ್ಟಮಾದಮ್ಮ, ಈಗ ತಾನೇ...”

“ಮೇಷ್ಟ್ರೇ, ನಾಲ್ಕ್ನೇ ಕ್ಲಾಸಲ್ಲಿ ಫೇಲ್ ಮಾಡಿದ್ರಿ. ಇದ್ರಲ್ಲಾದ್ರೂ ಪಾಸ್ ಮಾಡಿ. ಆಪರೇಸನ್ ಆಗ್ಬೇಕು, ಕೋಲು ಹಿಡೀಬೇಕು ನಾನು.”

ನಲವತ್ತು ವರ್ಷ ನನ್ನೊಳಗೆ ಇದ್ದ ಆ ಸೊನ್ನೆ ಒಮ್ಮೆ ಹೊರಳಿತು. ‘ಒಂದು ಸಾರಿಯೂ ಇಲ್ಲ’ ಎಂಬಲ್ಲಿ ಗುರುತು ಹಾಕಿದೆ.

ಮುಂದಿನ ವಾರ ಮೈಸೂರಿನಲ್ಲಿ ಡಾಕ್ಟರು ಹಾಳೆಗಳನ್ನು ತಿರುವಿ, ಲೆಕ್ಕ ಹಾಕಿ, ಕನ್ನಡಕ ತೆಗೆದರು. “ನೂರಕ್ಕೆ ತೊಂಬತ್ತಾರು! ನನಗೇ ಇಷ್ಟು ಬರುವುದಿಲ್ಲ. ತುಂಬ ಸಂತೋಷ ಕಣಮ್ಮ. ನೀವು ಚೆನ್ನಾಗಿಯೇ ಇದ್ದೀರಿ. ಇಷ್ಟು ಆರೋಗ್ಯವಾಗಿರುವವರ ಕತ್ತಿಗೆ ನಾನು ಕತ್ತರಿ ಹಾಕಲಾರೆ. ಎರಡು ತಿಂಗಳು ಬಿಟ್ಟು ಒಮ್ಮೆ ತೋರಿಸಿ, ಸಾಕು.”

ಮಂಟಯ್ಯ ಕುಣಿಯುವುದೊಂದು ಬಾಕಿ. ಹುಣಸೂರು ಬಸ್ ನಿಲ್ದಾಣದಲ್ಲಿ ಇಳಿದು, ಗುರುತು ಸಿಕ್ಕವರಿಗೆಲ್ಲ ಹೇಳಿದ: “ನಮ್ಮೆಂಗಸ್ರು ತೊಂಬತ್ತಾರು ತಗದವ್ಳೆ ಕಣ್ಲಾ! ಡಾಕ್ಟ್ರಿಗಿಂತ ಜಾಸ್ತಿ!”

ಪುಟ್ಟಮಾದಮ್ಮ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ.

“ಪಾಸಾದ್ಮೇಲೂ ಆಪರೇಸನ್ ಯಾಕೆ ಮಾಡಾಕಿಲ್ಲ ಅಂದ್ರು ಮೇಷ್ಟ್ರೇ?” ಎಂದಳು. ಕಣ್ಣು ತುಂಬಿತ್ತು.

ಆಗ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಈ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರಿಗೆ ಆಪರೇಷನ್ ಎಂದು ಬಿಡಿಸಿ ಹೇಳಿದೆ. ಅವಳು ಕಿಟಕಿಯಿಂದ ತಲೆ ಎತ್ತಿದಳು.

“ಮೊದ್ಲೇ ಹೇಳ್ಬಾರ್ದಿತ್ತಾ? ಫೇಲಾಗಾದು ನಂಗೆ ಬತ್ತಿತ್ತಲ್ಲ.” ಆಮೇಲೆ ತಾನೇ ತಲೆಯಾಡಿಸಿದಳು. “ಇಲ್ಲ ಬುಡಿ. ಗೊತ್ತಿದ್ರೂ ಬಾಯಲ್ಲಿ ಬತ್ತಿರ್ಲಿಲ್ಲ. ಅಂತಾ ದೊಡ್ಡೋರು ಕೇಳವಾಗ ನನ್ ಕೈಲಾಗಾಕಿಲ್ಲ ಅಂತ ಎಂಗನ್ನಾದು? ಯಾರಾರ ಊಟ ಆಯ್ತಾ ಅಂದ್ರೆ, ಉಣ್ದಿದ್ರೂವೆ ಆಯ್ತು ಅನ್ನಾಕಿಲ್ವಾ? ಅಂಗೆ.”

ಅದು ನಿಜ. ನಮ್ಮ ಕಡೆ ‘ಊಟ ಆಯ್ತಾ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದವರನ್ನು ನಾನು ಈ ವಯಸ್ಸಿನವರೆಗೂ ಕಂಡಿರಲಿಲ್ಲ. ಹೇಗಿದ್ದೀರಿ ಎಂದರೂ ಅಷ್ಟೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿಯೂ ಚೆನ್ನಾಗಿದ್ದೀನಿ ಎನ್ನುತ್ತೇವೆ.

ಮನೆಗೆ ಹೋದವಳು ಅಟ್ಟದಿಂದ ಕೋಲು ಇಳಿಸಿ, ಸೆರಗಿನಿಂದ ಒರೆಸಿ, ಚಾಮುಂಡಮ್ಮನ ಮನೆಗೆ ಕೊಟ್ಟುಬಂದಳು. ಸುದ್ದಿ ಕೇಳಿ ನನಗೆ ಅನ್ನ ಸೇರಲಿಲ್ಲ. ಮಾರನೆಯ ದಿನವೇ ಹೋಗಿ ಅವಳೆದುರು ಒಂದು ಬಿಸ್ಕತ್ತಿನ ತಗಡಿನ ಡಬ್ಬ ಇಟ್ಟೆ.

“ನೀನು ಬಾಯಿಬಿಟ್ಟು ಹೇಳುವುದೇ ಬೇಡ. ಕೆಲಸದ ನಡುವೆ ಸುಸ್ತಾಗಿ ಕೂರಬೇಕಾಯಿತು ಅಂತಿಟ್ಟುಕೋ, ಒಂದು ಅವರೆಕಾಳು ಇದರೊಳಕ್ಕೆ ಹಾಕು. ಅಷ್ಟೆ. ಯಾರಿಗೂ ತೋರಿಸಬೇಡ. ಎರಡು ತಿಂಗಳಾದ ಮೇಲೆ ಡಬ್ಬವನ್ನೇ ಡಾಕ್ಟರಿಗೆ ಕೊಡೋಣ.”

ಹೇಳಲು ಬಾರದವಳಿಗೆ ಹಾಕಲು ಬಂತು. ಮಂಟಯ್ಯ ಮೊದಮೊದಲು ನಕ್ಕ. “ಏನಮ್ಮಿ, ಕಾಳ್ನಲ್ಲಿ ಕಾಯ್ಲೆ ಬಿತ್ತಿಯಾ?” ಎಂದ. ಆದರೆ ಆ ಡಬ್ಬಕ್ಕೆ ಕಾಳು ಬಿದ್ದರೆ ‘ಟಣ್’ ಎಂದು ಸದ್ದಾಗುತ್ತಿತ್ತು. ಹಾಲು ಕರೆಯುವ ಹೊತ್ತಿಗೆ ಟಣ್. ಪಾತ್ರೆ ಬೆಳಗುವಾಗ ಟಣ್, ಮತ್ತೆ ಟಣ್. ಜಗುಲಿಯಲ್ಲಿ ಕೂತು ಹೊಗೆಸೊಪ್ಪು ವಿಂಗಡಿಸುತ್ತಿದ್ದ ಮಂಟಯ್ಯನ ಕಿವಿಗೆ ದಿನವಿಡೀ ಬೀಳತೊಡಗಿತು. ಎರಡನೆಯ ವಾರದಲ್ಲಿ ಅವನು ನಗುವುದನ್ನು ಬಿಟ್ಟ.

ಮೂರನೆಯ ವಾರ ಅವಳು ಹುಣಸೂರಿನ ನೆಂಟರ ಮನೆಗೆ ಹೋಗಿ ಸಂಜೆ ಬಂದರೆ, ಮನೆಯಲ್ಲಿ ಘಮಘಮ ಅವರೆಕಾಳಿನ ಸಾರು. ಎಲ್ಲರೂ ಉಂಡಾಗಿತ್ತು. ಕಪಾಟಿನಲ್ಲಿ ಡಬ್ಬ ಖಾಲಿ.

“ಅತ್ತೆ, ಡಬ್ಬದಲ್ಲಿ ಒಂದು ಪಾವು ಕಾಳಿತ್ತಲ್ಲ, ಹುಳ ಬೀಳುತ್ತೆ ಅಂತ ಮಾಡ್ಬಿಟ್ಟೆ” ಎಂದಳು ಕಾವ್ಯಶ್ರೀ, ವಿಷಯ ತಿಳಿಯದೆ.

ಪುಟ್ಟಮಾದಮ್ಮ ಅಲ್ಲೇ ಕುಸಿದಳು. “ಅಯ್ಯೋ ತಾಯಿ! ಮೂರು ವಾರದ ಸುಸ್ತನ್ನ ಒಂದೇ ಹೊತ್ತಿಗೆ ಉಂಡ್ಬುಟ್ರಲ್ಲೇ!”

ಮಂಟಯ್ಯ ಕೈ ತೊಳೆಯಲು ಎದ್ದವನು ನಿಂತ. “ಪಾವಿತ್ತಾ? ಪೂರ್ತಿ ಪಾವು?” ಎಂದು ಸೊಸೆಯನ್ನು ಎರಡು ಸಾರಿ ಕೇಳಿದ. ಕಾಳು ಎಷ್ಟಿತ್ತೆಂಬುದು ಕಾಗದದಲ್ಲಿ ಬರೆದಿರಲಿಲ್ಲ. ಅವನ ಹೊಟ್ಟೆಯಲ್ಲಿ ತುಂಬಿತ್ತು. ಮಾರನೆಯ ಬೆಳಗ್ಗೆ ಅವನೇ ಒಂದು ಮೊರದ ತುಂಬ ಹುಣಸೆಬೀಜ ತಂದು ಹೆಂಡತಿಯ ಮುಂದಿಟ್ಟ. “ಇದ ಹಾಕು. ಇದ ಯಾರೂ ಸಾರು ಮಾಡಾಕಿಲ್ಲ.” ಅಂದಿನಿಂದ ಅಂಗಳ ಗುಡಿಸುವ ಕೆಲಸವೂ ಅವನದಾಯಿತು. ಆದರೂ ಟಣ್ ಟಣ್ ನಿಲ್ಲಲಿಲ್ಲ.

ಎರಡು ತಿಂಗಳು ತುಂಬಿದ ದಿನ ಡಾಕ್ಟರ್ ಉಮಾಶಂಕರರ ಮೇಜಿನ ಮೇಲೆ ಡಬ್ಬವನ್ನು ಬೋರಲು ಹಾಕಿದವನು ಮಂಟಯ್ಯನೇ. ಬೀಜಗಳು ಮೇಜು ತುಂಬ ಹರಡಿ, ಕೆಲವು ಸ್ಟೆತಾಸ್ಕೋಪಿನ ಕೆಳಗೆ ನುಗ್ಗಿದವು.

“ಸಾರ್, ಇದು ನಮ್ಮೆಂಗಸ್ರ ಐದು ವಾರದ ಸುಸ್ತು. ಮೊದ್ಲಿನ ಮೂರು ವಾರದ್ದು ನಾವು ತಿಂದ್ಬುಟ್ಟೊ. ಆವತ್ತಿನ ತೊಂಬತ್ತಾರು ಸುಳ್ಳು ಕಣಿ ಸಾರ್. ಅದ್ರಲ್ಲಿ ಸಂತೋಷದ ಮಾರ್ಕ್ಸು ನಾನು ಹಾಕ್ಸಿದ್ದು.”

ಬರೆದವನು ನಾನೆಂದು ನಾನೂ ತಪ್ಪೊಪ್ಪಿಕೊಂಡೆ. ಡಾಕ್ಟರು ಬೀಜಗಳನ್ನು ನೋಡಿದರು, ಪುಟ್ಟಮಾದಮ್ಮನನ್ನು ನೋಡಿದರು. ಹೊಸ ಹಾಳೆ ತರಿಸಿ, ನನ್ನನ್ನೂ ಮಂಟಯ್ಯನನ್ನೂ ಹೊರಗೆ ಕಳಿಸಿ, ತಾವೇ ಒಂದೊಂದಾಗಿ ಕೇಳಿದರು. ಬೀಜಗಳು ಮೊದಲೇ ಹೇಳಿಬಿಟ್ಟಿದ್ದರಿಂದ ಅವಳಿಗೂ ಬಾಯಿ ಬಂತಂತೆ. ನೂರಕ್ಕೆ ಮೂವತ್ತೊಂದು.

“ಮೂವತ್ತೈದಕ್ಕೆ ಪಾಸು. ಫೇಲಾದೆ ಮೇಷ್ಟ್ರೇ!” ಎಂದು ಹೊರಗೆ ಬಂದು ಅವಳು ನಕ್ಕ ನಗು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅಪಾಯಗಳನ್ನೆಲ್ಲ ಡಾಕ್ಟರು ಮತ್ತೊಮ್ಮೆ ಬಿಡಿಸಿ ಹೇಳಿ, ಅವಳ ಬಾಯಿಂದ ಒಪ್ಪಿಗೆ ಕೇಳಿಕೊಂಡು, ಮುಂದಿನ ತಿಂಗಳು ಗ್ರಂಥಿಯನ್ನು ಪೂರ್ತಿ ತೆಗೆದರು. ನಾಲ್ಕನೆಯ ದಿನ ಮನೆಗೆ ಬಂದಳು. ಮೂರು ವಾರ ಸ್ವರ ಕುಗ್ಗಿತ್ತು, ಪಿಸುಮಾತಷ್ಟೆ. ಮಂಟಯ್ಯ ಹೆದರಿ ಹೋಗಿದ್ದ. “ಬೈಯಮ್ಮಿ, ಒಂದ್ಸಾರಿ ಜೋರಾಗಿ ಬೈಯಿ” ಎಂದು ಬೇಡುತ್ತಿದ್ದ. ನಾಲ್ಕನೆಯ ವಾರ, ಕರು ಬಿಚ್ಚಿಕೊಂಡು ರಾಗಿಪೈರಿಗೆ ನುಗ್ಗಿದಾಗ, ಅವಳು ಬೈದದ್ದು ನಮ್ಮ ಬೀದಿಯವರೆಗೂ ಕೇಳಿಸಿತು. ಅವನು ಆಂಜನೇಯನ ಗುಡಿಗೆ ಹೋಗಿ ತೆಂಗಿನಕಾಯಿ ಒಡೆದ.

ಸುಸ್ತು ಒಂದೇ ದಿನದಲ್ಲಿ ಇಳಿಯಲಿಲ್ಲ. ಕೆಲವು ತಿಂಗಳು ಕ್ಯಾಲ್ಸಿಯಂ ಮಾತ್ರೆ ನುಂಗಿದಳು. ಥೈರಾಯ್ಡ್ ಮಾತ್ರೆ ಜೀವನಪೂರ್ತಿ ಇದ್ದೇ ಇದೆ. ಡಬ್ಬದ ಸದ್ದು ಮೆಲ್ಲಮೆಲ್ಲನೆ ವಿರಳವಾಯಿತು. ಯುಗಾದಿಯ ಹೊತ್ತಿಗೆ ದಿನಕ್ಕೆ ಏಳೆಂಟು ಬೀಜ. ದೀಪಾವಳಿಗೆ ಎರಡು ಮೂರು. ಒಂದೂವರೆ ವರ್ಷದ ಮೇಲೆ ಡಾಕ್ಟರು ಮತ್ತೆ ಅದೇ ಹಾಳೆ ತುಂಬಿಸಿದರು. ಅರವತ್ತೆಂಟು ಬಂತು. ಅವರಿಗೆ ಬಹಳ ಸಂತೋಷವಾಯಿತು. ಮಂಟಯ್ಯನಿಗೆ ಮಾತ್ರ ಈಗಲೂ ಸ್ವಲ್ಪ ಕಸಿವಿಸಿ. “ಆಪರೇಸನ್‌ಗೆ ಮುಂಚೆ ತೊಂಬತ್ತಾರು, ಆದ್ಮೇಲೆ ಅರವತ್ತೆಂಟು. ಊರೋರಿಗೆ ಎಂಗೆ ಹೇಳಾದು ಮೇಷ್ಟ್ರೇ?”

ಕಳೆದ ತಿಂಗಳು ಚಾಮುಂಡಮ್ಮನ ಮಗಳ ಮದುವೆ. ಬೀಗರ ಊಟದ ದಿನ ಚಾಮುಂಡಮ್ಮ ಹುಣಸೆಯ ಕೋಲನ್ನು ತೊಳೆದು, ಕುಂಕುಮವಿಟ್ಟು, ತಂದು ಪುಟ್ಟಮಾದಮ್ಮನ ಕೈಗೆ ಕೊಟ್ಟಳು. “ನಿನ್ ಕೋಲು ಕಣಕ್ಕ. ನನ್ ಮಾತು ಕೇಳಾಕಿಲ್ಲ ಇದು. ಬರೀ ಗಂಟು ಹಾಕ್ತದೆ.”

ಹಿತ್ತಿಲ ಒಲೆಯ ಬಳಿ ನಾನೂ ನಿಂತಿದ್ದೆ. ಆರು ಸೇರಿನ ಪಾತ್ರೆ. ಪುಟ್ಟಮಾದಮ್ಮ ಸೆರಗು ಬಿಗಿದು ಕೋಲು ಹಾಕಿದಳು. ಕತ್ತಿನ ಗಾಯದ ಗೆರೆ ಮಾಸಿ, ಕರಿಮಣಿಯ ಪಕ್ಕ ಇನ್ನೊಂದು ಎಳೆ ಸರದಂತೆ ಕಾಣುತ್ತಿತ್ತು. ಹಿಟ್ಟು ಅರ್ಧ ಹದಕ್ಕೆ ಬಂದಿತ್ತು. ಆಗ ಅವಳು ಕವೆಗೋಲು ಹಿಡಿದಿದ್ದವರೆಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

“ಸುಸ್ತಾಯ್ತು ಕಣೇ ಚಾಮುಂಡಿ. ಹಿಡ್ಕೊ ಕೋಲ. ನಿಲ್ಲಿಸ್ಬ್ಯಾಡ.”

ಕೋಲು ಕೈ ಬದಲಾಯಿತು, ತಿರುವುವುದು ನಿಲ್ಲಲಿಲ್ಲ. ಪುಟ್ಟಮಾದಮ್ಮ ಮಣೆಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದು, ಬೆವರು ಒರೆಸಿಕೊಂಡು, “ಎಡಕ್ಕೆ ತಿರುವು, ಬುಡದಿಂದ ಎತ್ತು” ಎಂದು ಬೈಯುತ್ತ ಇದ್ದು, ಎದ್ದುಹೋಗಿ ಕೋಲು ವಾಪಸು ಕಿತ್ತುಕೊಂಡಳು. ಮುಗಿಸಿದವಳು ಅವಳೇ.

ಪಂಕ್ತಿಯಲ್ಲಿ ಮಿರ್ಲೆಯ ಆ ಸೋದರಮಾವನೂ ಇದ್ದ. ಎರಡು ಮುದ್ದೆಗಳನ್ನು ಚೂರು ಚೂರಾಗಿ ಮುರಿದು ಹುಡುಕಿ, ಮೂರನೆಯದನ್ನು ಸುಮ್ಮನೆ ನುಂಗಿದ.

ಕೊನೆಯ ಪಂಕ್ತಿ ಎದ್ದ ಮೇಲೆ ಅವಳು ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದಳು. ರೂಢಿಯಂತೆ ನಾನು, “ಊಟ ಆಯ್ತಾ ಪುಟ್ಟಮಾದಮ್ಮ?” ಎಂದೆ.

“ಇಲ್ಲ ಮೇಷ್ಟ್ರೇ” ಎಂದಳು. “ಒಟ್ಟೆ ಅಸೀತಾ ಅದೆ. ಚಾಮುಂಡಿಗೆ ಹೇಳಿ, ಎರಡು ಮುದ್ದೆ ಇಕ್ಲಿ.”